ಗಣಕದ ರಾತ್ರಿಪಾಳಿಯ ಮಾತುಗಳು

ಪರಊರಿನಲ್ಲಿ ಓದುವ ಮಗನಿಗೆ ನೆಫ್ಟ್ ಮೂಲಕ ಹಣ ಕಳಿಸಿದ ತಂದೆ, ಅದು ಇನ್ನೂ ಏಕೆ ಜಮಾ ಆಗಿಲ್ಲ ಎಂದು ಬ್ಯಾಂಕಿನಲ್ಲಿ ವಿಚಾರಿಸುತ್ತಾರೆ. ‘ಮುಂದಿನ ಬ್ಯಾಚ್‌ನಲ್ಲಿ ಹೋಗುತ್ತೆ ಯಜಮಾನ್ರೇ, ಸ್ವಲ್ಪ ಕಾಯಿರಿ’ ಎಂಬ ಉತ್ತರ ಕೌಂಟರಿನ ಆಚೆಯಿಂದ ಬರುತ್ತದೆ. ಉತ್ತರದಲ್ಲಿ ಸುಳ್ಳಿಲ್ಲ. 2005ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಹಣ ಒಬ್ಬೊಬ್ಬರದಾಗಿ ಹೋಗುವುದಿಲ್ಲ. ಬಂದ ಕೋರಿಕೆಗಳನ್ನೆಲ್ಲ ಕೂಡಿಟ್ಟು ಒಟ್ಟಿಗೆ ಇತ್ಯರ್ಥ ಮಾಡಲಾಗುತ್ತದೆ. 2019ರ ಡಿಸೆಂಬರ್‌ನಿಂದ ಇದು ಹಗಲಿರುಳೂ ನಡೆಯುತ್ತಿದ್ದು, ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್‌ಗಳಿವೆ.

ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಹೆಚ್ಚಿನ ದುಡಿಮೆ ನಡೆಯುವುದು ಹೀಗೆಯೇ. ತಿಂಗಳ ಸಂಬಳ, ಉಳಿತಾಯ ಖಾತೆಯ ಬಡ್ಡಿ, ವಿಮಾ ಕಂತಿನ ನೋಟಿಸು, ದಿನದ ವಹಿವಾಟಿನ ತಾಳೆ ಇವೆಲ್ಲ ಗಿರಾಕಿಗಳು ಮನೆಗೆ ಹೋದ ಮೇಲೆ, ಬಹುಪಾಲು ರಾತ್ರಿಯ ಹೊತ್ತು, ಯಾರೂ ಕೀಲಿಮಣೆಯ ಮುಂದೆ ಕೂರದೆ ಒಂದರ ಹಿಂದೆ ಒಂದರಂತೆ ಮುಗಿಯುತ್ತವೆ. ಯಾವ ಕೆಲಸ ಎಷ್ಟು ಹೊತ್ತಿಗೆ, ಯಾವುದರ ನಂತರ, ಯಾವ ಯಂತ್ರದಲ್ಲಿ ನಡೆಯಬೇಕು ಎಂದು ಅಪ್ಪಣೆ ಕೊಡುವ ತಂತ್ರಾಂಶಕ್ಕೆ ಜಾಬ್ ಷೆಡ್ಯೂಲರ್ ಎಂದು ಹೆಸರು.

ಈ ಕ್ಷೇತ್ರದ ಪಾರಿಭಾಷಿಕ ಪದಗಳಾದ ಬ್ಯಾಚ್, ಜಾಬ್, ಕ್ಯೂ, ಸ್ಪೂಲ್, ಮಾನಿಟರ್, ಸೂಪರ್‌ವೈಸರ್, ಷೆಡ್ಯೂಲ್ ಮುಂತಾದವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. ಇವುಗಳಲ್ಲಿ ಒಂದೂ ಯಂತ್ರಕ್ಕಾಗಿ ಹುಟ್ಟಿದ ಪದವಲ್ಲ. ಕೆಲವು ಅಡುಗೆಮನೆಯಿಂದ ಬಂದವು, ಕೆಲವು ಮಗ್ಗದ ಮನೆಯಿಂದ ಬಂದವು. ಇನ್ನು ಕೆಲವು ಒಂದು ಕಾಲಕ್ಕೆ ಸಂಬಳ ಎಣಿಸುತ್ತಿದ್ದ ಮನುಷ್ಯರ ಹುದ್ದೆಗಳ ಹೆಸರು. ಯಂತ್ರವು ಅವರ ಕೆಲಸದ ಜೊತೆಗೆ ಹೆಸರನ್ನೂ ವಹಿಸಿಕೊಂಡಿತು.

ಒಲೆಯ ಮೇಲಿನ ಪದ

‘ಬ್ಯಾಚ್’ ಎಂಬುದು ಇಂಗ್ಲಿಷಿನಲ್ಲಿ ‘ಬೇಕ್’ ಧಾತುವಿನ ಮಗು. ಒಂದು ಸಲಕ್ಕೆ ಒಲೆಯೊಳಗೆ ಇಟ್ಟು ಬೇಯಿಸಿ ತೆಗೆಯುವ ರೊಟ್ಟಿಗಳಿಗೆ ಆ ಹೆಸರಿತ್ತು. ಕಾಲೇಜಿನ ಬ್ಯಾಚು, ಔಷಧದ ಬ್ಯಾಚ್ ನಂಬರು ಎಲ್ಲ ಆಮೇಲೆ ಬಂದದ್ದು. ಕನ್ನಡದ ಅಡುಗೆಮನೆಯಲ್ಲಿ ಇದಕ್ಕೆ ನೇರವಾದ ಪದವೇ ಉಂಟು: ಒಬ್ಬೆ. ಇಡ್ಲಿ ಪಾತ್ರೆಯಲ್ಲಿ ಒಂದು ಸಲಕ್ಕೆ ಬೇಯುವಷ್ಟು ಇಡ್ಲಿ ಒಂದು ಒಬ್ಬೆ. ಬಾಣಲೆಯಲ್ಲಿ ಒಂದು ಸಲಕ್ಕೆ ಕರಿಯುವಷ್ಟು ಚಕ್ಕುಲಿ ಒಂದು ಒಬ್ಬೆ. ಒಲೆ ಹೊತ್ತಿಸುವ ಖರ್ಚು ಒಂದು ಇಡ್ಲಿಗೂ ಅಷ್ಟೇ, ಹದಿನಾರು ಇಡ್ಲಿಗೂ ಅಷ್ಟೇ. ಆದ್ದರಿಂದ ಪಾತ್ರೆ ತುಂಬುವವರೆಗೆ ಕಾಯುವುದೇ ಜಾಣತನ. ಬ್ಯಾಚ್ ಪದ್ಧತಿಯ ಅರ್ಥಶಾಸ್ತ್ರವೆಲ್ಲ ಇಷ್ಟೇ. 1950ರ ದಶಕದ ಕಂಪ್ಯೂಟರ್ ಭಾರಿ ಬಾಡಿಗೆಯ ವಸ್ತು. ಅದು ಒಂದು ಗಳಿಗೆ ಸುಮ್ಮನೆ ನಿಂತರೂ ಕಂಪನಿಗೆ ನಷ್ಟ.

ಇಲ್ಲೊಂದು ಸ್ವಾರಸ್ಯವಿದೆ. ವ್ಯಾಪಾರ ಸಂಸ್ಥೆಯೊಂದರ ದೈನಂದಿನ ಕೆಲಸವನ್ನು ಜಗತ್ತಿನಲ್ಲಿ ಮೊದಲು ವಹಿಸಿಕೊಂಡ ಕಂಪ್ಯೂಟರ್ ಮಾಡಿದ್ದು ಬೇಕರಿಯ ಲೆಕ್ಕವನ್ನೇ. ಲಂಡನ್ನಿನ ಜೆ. ಲಯನ್ಸ್ ಕಂಪನಿ ಚಹದ ಅಂಗಡಿಗಳಿಗೆ ಪ್ರಸಿದ್ಧವಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಡ್‌ಸ್ಯಾಕ್ ಯಂತ್ರದ ನಿರ್ಮಾಣಕ್ಕೆ ಅದು 3,000 ಪೌಂಡ್ ನೆರವು ಕೊಟ್ಟು, ಆ ಮಾದರಿಯಲ್ಲೇ ‘ಲಿಯೋ’ ಎಂಬ ತನ್ನದೇ ಯಂತ್ರವನ್ನು ಕಟ್ಟಿಸಿತು. 1951ರ ನವೆಂಬರ್ ಕೊನೆಯಿಂದ ಲಿಯೋ ಪ್ರತಿ ವಾರ ತಪ್ಪದೆ ಬ್ರೆಡ್, ಕೇಕುಗಳ ಉತ್ಪಾದನೆಯ ಬೆಲೆ ಕಟ್ಟತೊಡಗಿತು. 1954ರಲ್ಲಿ ನೌಕರರ ವೇತನದ ಲೆಕ್ಕವೂ ಅದರ ಪಾಲಿಗೆ ಬಂತು. ಅನುಭವಿ ಗುಮಾಸ್ತರೊಬ್ಬರು ಒಬ್ಬ ನೌಕರನ ವೇತನ ಲೆಕ್ಕ ಹಾಕಲು ಸುಮಾರು 8 ನಿಮಿಷ ತೆಗೆದುಕೊಳ್ಳುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗಿತ್ತು. ಬ್ಯಾಚ್ ಎಂಬ ಪದ ಕಂಪ್ಯೂಟರಿಗೆ ಲಯನ್ಸ್ ಬೇಕರಿಯಿಂದಲೇ ಬಂತು ಎನ್ನಲು ಆಧಾರವಿಲ್ಲ, ಅದು ಕಾಕತಾಳೀಯ. ಆದರೆ ಪದವೂ ಕೆಲಸವೂ ಒಂದೇ ಒಲೆಯ ಬಳಿ ಸಂಧಿಸಿದ್ದು ನಿಜ.

ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು

ಬ್ಯಾಚ್‌ನೊಳಗಿನ ಬಿಡಿ ಘಟಕಕ್ಕೆ ‘ಜಾಬ್’ ಎನ್ನುತ್ತಾರೆ. ಇಂದು ಜಾಬ್ ಎಂದರೆ ಉದ್ಯೋಗ. ಆದರೆ ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಅದಕ್ಕೆ ಕಾಯಂ ನೌಕರಿಯ ಅರ್ಥವಿರಲಿಲ್ಲ. ಇಷ್ಟು ಮಾಡಿಕೊಟ್ಟರೆ ಇಷ್ಟು ಎಂಬ ಬಿಡಿ ಕೆಲಸ ಅದು. ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕಿಕೊಡುವ ನಮ್ಮ ಊರುಗಳ ಮುದ್ರಣಾಲಯಗಳ ಫಲಕದ ಮೇಲಿನ ‘ಜಾಬ್ ವರ್ಕ್’ ಎಂಬ ಮಾತಿನಲ್ಲಿ ಈ ಹಳೆಯ ಅರ್ಥ ಹಾಗೆಯೇ ಉಳಿದಿದೆ. ಕಂಪ್ಯೂಟರಿನ ಜಾಬ್ ಕೂಡ ಇದೇ ಜಾತಿಯದು.

ಆ ಕಾಲಕ್ಕೆ ಜಾಬ್ ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿತ್ತು. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ಬಳಸಿದ ರಂಧ್ರದ ಕಾರ್ಡು ಮುಂದೆ ಐಬಿಎಂ ಕಂಪನಿಯ ಕೈಯಲ್ಲಿ 80 ಕಂಬಸಾಲುಗಳ ಕಾರ್ಡಾಯಿತು. ಒಂದು ಕಾರ್ಡಿಗೆ ಒಂದು ಸಾಲು. ಪ್ರೋಗ್ರಾಂ ಬರೆದವರು ತಮ್ಮ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಯಂತ್ರಕೋಣೆಯ ಕಿಟಕಿಯಲ್ಲಿ ಕೊಟ್ಟು ಬರುತ್ತಿದ್ದರು. ಒಳಗಿನ ಆಪರೇಟರ್ ಕಟ್ಟುಗಳನ್ನು ಜೋಡಿಸಿ ಯಂತ್ರಕ್ಕೆ ಉಣಿಸುತ್ತಿದ್ದರು. ಉತ್ತರ ಮರುದಿನ ಸಿಕ್ಕರೆ ಪುಣ್ಯ. ಒಂದು ಅಲ್ಪವಿರಾಮ ತಪ್ಪಿದ್ದರೆ ತಪ್ಪಿನ ಸಂದೇಶವಷ್ಟೇ ಕೈಗೆ ಬರುತ್ತಿತ್ತು, ಮತ್ತೆ ಒಂದು ದಿನ ಹೋಗುತ್ತಿತ್ತು. ಭಾರತದಲ್ಲಿಯೂ ಒಂದಿಡೀ ಪೀಳಿಗೆ ಕಂಪ್ಯೂಟರ್ ಕಲಿತದ್ದು ಹೀಗೆಯೇ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು. 1970ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ ಐಬಿಎಂ 360/44 ಯಂತ್ರದೊಡನೆ ಕಣ್ತೆರೆಯಿತು. ಅದು ಕೂಡ ಬ್ಯಾಚ್ ಪದ್ಧತಿಯದೇ.

ಕಟ್ಟಿನ ಮೊದಲ ಕೆಲವು ಕಾರ್ಡುಗಳು ಯಂತ್ರಕ್ಕೆ ಬರೆದ ಒಕ್ಕಣೆ: ಈ ಕೆಲಸ ಯಾರದು, ಯಾವ ಪ್ರೋಗ್ರಾಂ ನಡೆಸಬೇಕು, ಯಾವ ಟೇಪ್ ಬೇಕು. 1964ರ ಏಪ್ರಿಲ್‌ನಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360 ಯಂತ್ರಮಾಲೆಯಲ್ಲಿ ಈ ಒಕ್ಕಣೆಗೆ ಜೆಸಿಎಲ್, ಅಂದರೆ ‘ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್’ ಎಂಬ ಹೆಸರಾಯಿತು. ಅದರಲ್ಲಿ ಮುಖ್ಯವಾದವು ಮೂರೇ ಹೇಳಿಕೆಗಳು: ಜಾಬ್, ಎಕ್ಸೆಕ್, ಡಿಡಿ. ಆದರೂ ಅದು ತಲೆನೋವಿನ ಭಾಷೆ. ಅದರ ‘ಕಾಂಡ್’ ಎಂಬ ಷರತ್ತನ್ನೇ ನೋಡಬಹುದು. ಹೇಳಿದ ಷರತ್ತು ನಿಜವಾದರೆ ಕೆಲಸ ಮಾಡು ಎಂದು ಯಾರಾದರೂ ಭಾವಿಸುತ್ತಾರೆ; ಇಲ್ಲಿ ನಿಜವಾದರೆ ಆ ಹಂತವನ್ನು ಬಿಟ್ಟುಬಿಡು ಎಂದರ್ಥ. 360ರ ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರೇ ಮುಂದೆ ಜೆಸಿಎಲ್ಲಿನಷ್ಟು ಕೆಟ್ಟ ಭಾಷೆಯನ್ನು ಯಾರೂ ಎಲ್ಲಿಯೂ ರೂಪಿಸಿಲ್ಲವೆಂದು ಹೇಳಿ, ಅದು ತಮ್ಮ ಉಸ್ತುವಾರಿಯಲ್ಲೇ ಆದ ತಪ್ಪೆಂದು ಒಪ್ಪಿಕೊಂಡರು. ಅದನ್ನು ಭಾಷೆ ಎಂದು ಯಾರೂ ತಿಳಿಯದೆ, ನಾಲ್ಕು ಕಾರ್ಡುಗಳ ವಿಷಯವೆಂದು ಹಗುರವಾಗಿ ಕಂಡದ್ದೇ ಕಾರಣ. ಹಾಗಿದ್ದೂ ಆ ಭಾಷೆ ಸಾಯಲಿಲ್ಲ. ಇಂದಿಗೂ ಮೇನ್‌ಫ್ರೇಮ್ ಇಟ್ಟುಕೊಂಡ ಬ್ಯಾಂಕುಗಳಲ್ಲಿ ರಾತ್ರಿಯ ಕೆಲಸಕ್ಕೆ ಅದೇ ಗತಿ.

ಹುದ್ದೆ ಹೋಗಿ ಹೆಸರು ಉಳಿಯಿತು

ಯಂತ್ರದ ವೇಗ ಹೆಚ್ಚಿದಂತೆ ಆಪರೇಟರ್ ಒಂದು ಕಟ್ಟು ತೆಗೆದು ಮತ್ತೊಂದು ಇಡುವ ಹೊತ್ತೇ ದುಬಾರಿಯಾಯಿತು. 1956ರಲ್ಲಿ ಜನರಲ್ ಮೋಟಾರ್ಸ್ ಸಂಶೋಧನಾಲಯ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಯ ತಜ್ಞರು ಸೇರಿ ಐಬಿಎಂ 704 ಯಂತ್ರಕ್ಕಾಗಿ ಒಂದು ಪ್ರೋಗ್ರಾಂ ಬರೆದರು. ಒಂದು ಜಾಬ್ ಮುಗಿದ ಕೂಡಲೇ ಮುಂದಿನದನ್ನು ಯಂತ್ರ ತಾನೇ ಕೈಗೆತ್ತಿಕೊಳ್ಳುವಂತೆ ಅದು ಮಾಡಿತು. ಕಾರ್ಯಾಚರಣ ವ್ಯವಸ್ಥೆಗಳ ವಂಶವೃಕ್ಷದ ಬೇರು ಇಲ್ಲಿದೆ. ‘ಆಪರೇಟಿಂಗ್ ಸಿಸ್ಟಂ’ ಎಂದರೆ ಆಪರೇಟರ್ ಎಂಬ ಮನುಷ್ಯನ ಕೆಲಸವನ್ನು ವಹಿಸಿಕೊಂಡ ವ್ಯವಸ್ಥೆ.

ಆ ಕಾಲದ ಇಂಥ ಪ್ರೋಗ್ರಾಂಗಳ ಹೆಸರುಗಳನ್ನು ನೋಡಿದರೆ ಕಾರ್ಖಾನೆಯೊಂದರ ಹಾಜರಿ ಪುಸ್ತಕ ಓದಿದಂತಾಗುತ್ತದೆ. ಫೋರ್ಟ್ರಾನ್ ‘ಮಾನಿಟರ್’ ಇತ್ತು. ಮಾನಿಟರ್ ಎಂದರೆ ತರಗತಿಯಲ್ಲಿ ಗದ್ದಲ ಮಾಡಿದವರ ಹೆಸರು ಬರೆದಿಡುವ ಹುಡುಗ. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರಕ್ಕೆ ‘ಸೂಪರ್‌ವೈಸರ್’ ಬಂದ. ಯೂನಿವ್ಯಾಕ್ ಯಂತ್ರಗಳಿಗೆ ‘ಎಕ್ಸಿಕ್ಯುಟಿವ್’ ಇದ್ದ. ಬ್ರಿಟನ್ನಿನ ಐಸಿಎಲ್ 1900 ಯಂತ್ರಗಳ ವ್ಯವಸ್ಥೆಗೆ ‘ಜಾರ್ಜ್’ ಎಂಬ ನೇರವಾದ ಮನುಷ್ಯನ ಹೆಸರೇ ಇತ್ತು. ಕೆಲಸವನ್ನು ಸರದಿಯಿಂದ ಎತ್ತಿ ಕಳಿಸುವ ಭಾಗಕ್ಕೆ ‘ಡಿಸ್ಪ್ಯಾಚರ್’, ಯಾವುದು ಮೊದಲು ಯಾವುದು ಆಮೇಲೆ ಎಂದು ನಿರ್ಧರಿಸುವ ಭಾಗಕ್ಕೆ ‘ಷೆಡ್ಯೂಲರ್’. ಇವೆಲ್ಲ ಕಚೇರಿ, ರೈಲ್ವೆ, ಕಾರ್ಖಾನೆಗಳಲ್ಲಿ ನಿಜವಾದ ಹುದ್ದೆಗಳು.

ಇದು ಆಶ್ಚರ್ಯವೇನೂ ಅಲ್ಲ. ‘ಕಂಪ್ಯೂಟರ್’ ಎಂಬುದೇ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕೂತು ಲೆಕ್ಕ ಮಾಡುವ ಮನುಷ್ಯರ, ಬಹಳ ಕಡೆ ಹೆಂಗಸರ, ಹುದ್ದೆಯ ಹೆಸರು. ಕನ್ನಡ ಆರಿಸಿಕೊಂಡ ‘ಗಣಕ’ ಎಂಬ ಪದದ ಕಥೆಯೂ ಅದೇ. ಹಳೆಯ ನಿಘಂಟುಗಳಲ್ಲಿ ಗಣಕ ಎಂದರೆ ಲೆಕ್ಕಿಗ, ಜ್ಯೋತಿಷಿ. ಅರಿತೋ ಅರಿಯದೆಯೋ ನಮ್ಮ ಭಾಷೆಯೂ ಒಬ್ಬ ಮನುಷ್ಯನ ಹೆಸರನ್ನೇ ಯಂತ್ರಕ್ಕೆ ಕೊಟ್ಟಿತು.

ಬಾಲ ಮತ್ತು ಕಂಡಿಕೆ

ಕಾಯುವ ಕೆಲಸಗಳ ಸಾಲಿಗೆ ‘ಕ್ಯೂ’ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಕ್ಯೂ ಎಂದರೆ ಬಾಲ. ಉದ್ದನೆಯ ಸಾಲು ಕಂಡಾಗ ‘ಹನುಮಂತನ ಬಾಲ’ ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಂತ್ರದ ಕ್ಯೂನಲ್ಲಿಯೂ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿರುವಂತೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮವಿದೆ. ದರ್ಜೆ ಮತ್ತು ಆದ್ಯತೆಯ ಹೆಸರಿನಲ್ಲಿ ಸಾಲು ತಪ್ಪಿಸಿ ಮುಂದೆ ಹೋಗುವ ದಾರಿಯೂ ಇದೆ.

‘ಸ್ಪೂಲ್’ ಎಂಬುದು ನೂಲಿನ ಉರುಳೆ. ಲಾಳಿಯೊಳಗೆ ಕೂರಿಸುವ ಕಂಡಿಕೆಯನ್ನು ನೇಕಾರರ ಮನೆಗಳಲ್ಲಿ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಮಗ್ಗ ನಿಲ್ಲಬಾರದು ಎಂದರೆ ನೂಲನ್ನು ಮೊದಲೇ ಕಂಡಿಕೆಗೆ ಸುತ್ತಿಟ್ಟಿರಬೇಕು. ಕಂಪ್ಯೂಟರಿನ ಕಷ್ಟವೂ ಅದೇ. ಲೆಕ್ಕ ಮಾಡುವ ಭಾಗ ಮಿಂಚಿನ ವೇಗದ್ದು, ಕಾರ್ಡು ಓದುವ ಮತ್ತು ಅಚ್ಚು ಹಾಕುವ ಭಾಗಗಳು ಆಮೆಯ ವೇಗದವು. ಒಳಬರುವುದನ್ನೂ ಹೊರಹೋಗುವುದನ್ನೂ ಟೇಪ್ ಅಥವಾ ಡಿಸ್ಕಿಗೆ ಸುತ್ತಿಟ್ಟು, ಮುಖ್ಯ ಯಂತ್ರ ಕಾಯದಂತೆ ಮಾಡುವುದೇ ಸ್ಪೂಲಿಂಗ್. ಈ ಪದದ ಅಕ್ಷರಗಳನ್ನು ಬಿಡಿಸಿ ಉದ್ದನೆಯ ಇಂಗ್ಲಿಷ್ ವಿಸ್ತರಣೆಯನ್ನೂ ಹೇಳುವುದುಂಟು. ಆದರೆ ಹೆಸರಿನ ಹಿಂದಿರುವ ಚಿತ್ರ ಉರುಳೆಯದೇ. 1960ರ ದಶಕದಲ್ಲಿ ಹ್ಯೂಸ್ಟನ್ನಿನ ನಾಸಾ ಕೇಂದ್ರದಲ್ಲಿ ದುಡಿಯುತ್ತಿದ್ದ ಐಬಿಎಂ ನೌಕರರು ಇದಕ್ಕಾಗಿ ‘ಹಾಸ್ಪ್’ ಎಂಬ ತಂತ್ರಾಂಶ ಬರೆದರು. ಮನುಷ್ಯನನ್ನು ಚಂದ್ರನ ಮೇಲೆ ಇಳಿಸುವ ಸಿದ್ಧತೆಯ ದಿನಗಳು ಅವು. ಅದರ ವಂಶಜವಾದ ‘ಜೆಸ್–2’ ಇಂದಿನ ಮೇನ್‌ಫ್ರೇಮುಗಳಲ್ಲಿಯೂ ಜಾಬ್‌ಗಳನ್ನು ಬರಮಾಡಿಕೊಳ್ಳುತ್ತಿದೆ.

ಯಂತ್ರದ ಪಂಚಾಂಗ

‘ಷೆಡ್ಯೂಲ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಚಿಕ್ಕ ಚೀಟಿ ಎಂದರ್ಥ. ದಸ್ತಾವೇಜಿಗೆ ಅಂಟಿಸಿದ ಚೀಟಿ ಕಾಲಕ್ರಮೇಣ ಪಟ್ಟಿಯಾಯಿತು, ಪಟ್ಟಿ ವೇಳಾಪಟ್ಟಿಯಾಯಿತು. ಕನ್ನಡವೂ ಸೇರಿದಂತೆ ಭಾಷೆಗಳ ಹೆಸರಿರುವ ಸಂವಿಧಾನದ ಎಂಟನೆಯ ಷೆಡ್ಯೂಲ್ ಪಟ್ಟಿಯ ಅರ್ಥದ್ದು. ಯಂತ್ರದ ಷೆಡ್ಯೂಲ್ ವೇಳೆಯ ಅರ್ಥದ್ದು.

ಕಾಲವನ್ನು ಯಂತ್ರಕ್ಕೆ ತಿಳಿಸುವ ಪರಿ ಕುತೂಹಲಕರವಾಗಿದೆ. 1979ರಲ್ಲಿ ಹೊರಬಂದ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ‘ಕ್ರಾನ್’ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಗ್ರೀಕರ ‘ಕ್ರೋನೋಸ್’, ಅಂದರೆ ಕಾಲ, ಅದರ ಹೆಸರಿನಲ್ಲಿದೆ. ಇದನ್ನು ‘ಡೀಮನ್’ ಎಂಬ ವರ್ಗಕ್ಕೆ ಸೇರಿಸುತ್ತಾರೆ. ದೆವ್ವ ಎಂದು ಗಾಬರಿಯಾಗಬೇಕಿಲ್ಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಕಣ್ಣಿಗೆ ಕಾಣದೆ ಅಣುಗಳನ್ನು ಬೇರ್ಪಡಿಸುವ ಜೀವಿಯ ನೆನಪಿಗೆ 1963ರ ಸುಮಾರಿನಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಇಟ್ಟ ಹೆಸರು ಅದು. ಕ್ರಾನ್ ಪ್ರತಿ ನಿಮಿಷಕ್ಕೂ ಎದ್ದು ತನ್ನ ಪಟ್ಟಿ ನೋಡುತ್ತದೆ. ಪ್ರತಿ ಸಾಲಿನಲ್ಲೂ ಕಾಲದ ಐದು ಅಂಗಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳ ಪಂಚಾಂಗ ನೋಡಿ ಕೆಲಸಕ್ಕೆ ಮುಹೂರ್ತ ಇಡುವವರಿಗೆ ಇದು ಹೊಸದೇನಲ್ಲ.

ಆದರೆ ದೊಡ್ಡ ಸಂಸ್ಥೆಗೆ ಗಡಿಯಾರ ಸಾಲದು. ಶಾಖೆಗಳ ಲೆಕ್ಕ ಬಂದ ಮೇಲೆಯೇ ಬಡ್ಡಿ, ಬಡ್ಡಿ ಮುಗಿದ ಮೇಲೆಯೇ ಖಾತೆಯ ಬಾಕಿ, ಅದೂ ರಜಾ ದಿನವಲ್ಲದಿದ್ದರೆ ಮಾತ್ರ ಎಂಬಂಥ ಸಾವಿರಾರು ಕಟ್ಟುಪಾಡುಗಳಿರುತ್ತವೆ. ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದವರು ನಿಗದಿಯ ಗುಮಾಸ್ತರು. ಅವರ ಜಾಗಕ್ಕೆ ಬಂದ ತಂತ್ರಾಂಶಗಳಲ್ಲಿ ಡಲ್ಲಾಸಿನ ಯೂನಿವರ್ಸಿಟಿ ಕಂಪ್ಯೂಟಿಂಗ್ ಕಂಪನಿಯ ಯುಸಿಸಿ–7 ಹೆಸರಾದದ್ದು. 1987ರಲ್ಲಿ ಆ ಕಂಪನಿಯನ್ನು ಮತ್ತೊಂದು ಕೊಂಡಾಗ ಅದು ಸಿಎ–7 ಆಯಿತು. ಇಸ್ರೇಲ್ ಮೂಲದ ಕಂಟ್ರೋಲ್–ಎಂ, ಆಟೋಸಿಸ್, ಐಬಿಎಂನದೇ ಆದ ಒಪಿಸಿ ಮುಂತಾದವೂ ಬಂದವು. ಒಬ್ಬೊಬ್ಬರದು ಒಂದೊಂದು ಮಾತು. ಒಂದರಲ್ಲಿ ಕೆಲಸಗಳ ಗುಂಪಿಗೆ ‘ಬಾಕ್ಸ್’ ಎಂದರೆ ಇನ್ನೊಂದರಲ್ಲಿ ‘ಅಪ್ಲಿಕೇಷನ್’. ಕಂಟ್ರೋಲ್–ಎಂನಲ್ಲಿ ‘ನ್ಯೂ ಡೇ’ ಎಂಬುದೊಂದುಂಟು. ಯಂತ್ರದ ಹೊಸ ದಿನ ನಡುರಾತ್ರಿ ಹನ್ನೆರಡಕ್ಕೇ ಹುಟ್ಟಬೇಕಿಲ್ಲ. ಸಂಸ್ಥೆ ಗೊತ್ತುಮಾಡಿದ ಹೊತ್ತಿಗೆ ಹುಟ್ಟುತ್ತದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುವಂತೆಯೇ.

ಈ ಮಾತುಗಳ ವ್ಯತ್ಯಾಸ ಬರಿಯ ಪಂಡಿತರ ಚರ್ಚೆಯಲ್ಲ. ಆಟೋಸಿಸ್‌ನಲ್ಲಿ ಒಂದು ಕೆಲಸವನ್ನು ‘ಹೋಲ್ಡ್’ನಲ್ಲಿ ಇಡಬಹುದು, ‘ಐಸ್’ನಲ್ಲಿಯೂ ಇಡಬಹುದು. ಎರಡರ ಅರ್ಥವೂ ಸದ್ಯಕ್ಕೆ ಮಾಡಬೇಡ ಎಂದೇ. ಆದರೆ ಹೋಲ್ಡ್‌ನಲ್ಲಿಟ್ಟರೆ ಅದನ್ನು ನಂಬಿದ ಮುಂದಿನ ಕೆಲಸಗಳೆಲ್ಲ ಕಾಯುತ್ತ ನಿಲ್ಲುತ್ತವೆ. ಐಸ್‌ನಲ್ಲಿಟ್ಟರೆ ಆ ಕೆಲಸ ಮುಗಿದೇ ಹೋಯಿತೆಂದು ತಿಳಿದು ಅವು ಮುಂದುವರಿಯುತ್ತವೆ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ, ಬಡ್ಡಿ ಸೇರದ ಬಾಕಿಯೇ ಬೆಳಿಗ್ಗೆ ಗಿರಾಕಿಯ ಪುಸ್ತಕಕ್ಕೆ ಏರಬಹುದು.

ಬೆಳಗಾದರೂ ಮುಗಿಯದ ರಾತ್ರಿ

ಕೆಲಸ ಅರ್ಧಕ್ಕೆ ಮುರಿದುಬೀಳುವುದಕ್ಕೆ ಮೇನ್‌ಫ್ರೇಮ್ ಭಾಷೆಯಲ್ಲಿ ‘ಅಬೆಂಡ್’ ಎನ್ನುತ್ತಾರೆ. ಅಸಹಜ ಅಂತ್ಯ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳ ಜೋಡಣೆ ಅದು. ಜರ್ಮನ್ ಭಾಷೆಯಲ್ಲಿ ಅಬೆಂಡ್ ಎಂದರೆ ಸಂಜೆ. ಸಂಜೆ ಮನೆಗೆ ಹೊರಡುವ ಹೊತ್ತಿಗೇ ಜಾಬ್ ಕೆಡುತ್ತದೆ ಎಂಬ ನಗೆಮಾತು ಈ ವೃತ್ತಿಯಲ್ಲಿ ಹಳೆಯದು.

ನಗೆಯ ವಿಷಯವಾಗದ ಸಂದರ್ಭವೂ ಬಂತು. 2012ರ ಜೂನ್ 17ರ ಭಾನುವಾರ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ ಬ್ಯಾಚ್ ಷೆಡ್ಯೂಲರ್ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಲಾಯಿತು. ತೊಂದರೆ ಕಂಡುಬಂದಾಗ ತಂತ್ರಜ್ಞರು ಅದನ್ನು ತೆಗೆದು ಹಳೆಯದಕ್ಕೆ ಮರಳಿದರು. ಹಾಗೆ ಮರಳಿದರೆ ಏನಾಗುತ್ತದೆ ಎಂದು ಮೊದಲು ಪರೀಕ್ಷಿಸಿರಲಿಲ್ಲ. ಹೊಸದಕ್ಕೂ ಹಳೆಯದಕ್ಕೂ ಹೊಂದಾಣಿಕೆ ಇರಲಿಲ್ಲ. ರಾತ್ರಿಯ ಕೆಲಸಗಳು ಕೆಟ್ಟು, ಒಂದು ರಾತ್ರಿಯ ಬಾಕಿ ಮರುರಾತ್ರಿಯ ಮೇಲೆ ಬಿದ್ದು ಬೆಳೆಯತೊಡಗಿತು. ಬ್ರಿಟನ್ನಿನಲ್ಲಿ 65 ಲಕ್ಷಕ್ಕೂ ಹೆಚ್ಚು ಗಿರಾಕಿಗಳಿಗೆ ತೊಂದರೆಯಾಯಿತು. ಮನೆಸಾಲದ ಕಂತು ಕಟ್ಟಲಾಗದವರು, ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದೆ ನಿಂತವರು ಇದ್ದರು. ಕೆಲವು ಸಂಸ್ಥೆಗಳಿಗೆ ತಮ್ಮ ನೌಕರರ ಸಂಬಳ ಕೊಡಲಾಗಲಿಲ್ಲ. ಸಮೂಹದ ಅಲ್ಸ್ಟರ್ ಬ್ಯಾಂಕಿನ ಐರ್ಲೆಂಡ್ ಗಿರಾಕಿಗಳ ಪಾಡು ಜುಲೈವರೆಗೂ ಎಳೆಯಿತು. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ಎರಡು ನಿಯಂತ್ರಣ ಸಂಸ್ಥೆಗಳು ಸೇರಿ ಬ್ಯಾಂಕಿಗೆ 5 ಕೋಟಿ 60 ಲಕ್ಷ ಪೌಂಡ್ ದಂಡ ಹಾಕಿದವು.

ಕೆಟ್ಟದ್ದು ಬ್ಯಾಂಕಿನ ತಿಜೋರಿಯಲ್ಲ, ಖಾತೆಗಳ ಹಣವೂ ಅಲ್ಲ. ಕೆಟ್ಟದ್ದು ಸರದಿ. ಯಾವುದು ಆಯಿತು, ಯಾವುದು ಆಗಬೇಕು ಎಂಬ ಪಟ್ಟಿ. ಒಂದು ಕಾಲಕ್ಕೆ ನಿಗದಿಯ ಗುಮಾಸ್ತರೊಬ್ಬರು ಮೇಜಿನ ಮೇಲಿನ ಕಟ್ಟುಗಳನ್ನು ನೋಡಿ ಹೇಳಬಹುದಾಗಿದ್ದ ಸಂಗತಿ ಅದು. ಗುಮಾಸ್ತರ ಹೆಸರನ್ನು ತಂತ್ರಾಂಶಕ್ಕೆ ಕೊಟ್ಟ ಮೇಲೂ ಅವರಲ್ಲಿದ್ದ ತಿಳಿವಳಿಕೆ ಯಾರಲ್ಲಾದರೂ ಉಳಿದಿರಬೇಕಾಗುತ್ತದೆ ಎಂಬುದನ್ನು ಆ ಜೂನ್ ತಿಂಗಳು ತೋರಿಸಿಕೊಟ್ಟಿತು.

ಆ ತಿಳಿವಳಿಕೆಯ ಒಂದು ದೊಡ್ಡ ಪಾಲು ಇಂದು ಬೆಂಗಳೂರಿನಲ್ಲಿದೆ. ನ್ಯೂಯಾರ್ಕಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಯಂತ್ರಗಳ ರಾತ್ರಿಪಾಳಿ ಇಲ್ಲಿಯವರ ಹಗಲು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿ ಕೂತವರು ಪರದೇಶದ ಬ್ಯಾಂಕು, ವಿಮಾ ಕಂಪನಿಗಳ ಜಾಬ್‌ಗಳ ಮೇಲೆ ಕಣ್ಣಿಟ್ಟು, ಬಿದ್ದದ್ದನ್ನು ಎಬ್ಬಿಸಿ, ನಿಂತದ್ದನ್ನು ಬಿಡುಗಡೆ ಮಾಡುತ್ತಾರೆ. ಯಾವುದನ್ನು ಹೋಲ್ಡ್‌ನಲ್ಲಿಡಬೇಕು, ಯಾವುದನ್ನು ಐಸ್‌ನಲ್ಲಿಡಬೇಕು ಎಂಬ ತೀರ್ಮಾನ ಕೊನೆಗೂ ಅವರದು. ಎಲ್ಲ ಸರಿಯಾಗಿ ನಡೆದ ದಿನ ಅವರ ಇರವೇ ಯಾರಿಗೂ ತಿಳಿಯುವುದಿಲ್ಲ.

ಷೆಡ್ಯೂಲರ್, ಸೂಪರ್‌ವೈಸರ್, ಆಪರೇಟರ್ ಎಂಬ ಹೆಸರುಗಳು ಯಂತ್ರದೊಳಗೆ ಹೋದವು. ಆದರೆ ಒಬ್ಬೆ ಕೆಟ್ಟಾಗ ಒಲೆಯ ಮುಂದೆ ಒಬ್ಬರು ಇರಲೇಬೇಕು. ತಿಂಗಳ ಮೊದಲ ದಿನ ಬೆಳಿಗ್ಗೆ ಸಂಬಳ ಜಮಾ ಆದ ಸಂದೇಶ ಮೊಬೈಲಿಗೆ ಬಂದಾಗ, ಅದರ ಹಿಂದೆ ಎಲ್ಲೋ ಒಂದು ರಾತ್ರಿ ಸುಸೂತ್ರವಾಗಿ ಕಳೆದಿದೆ, ಅದನ್ನು ಯಾರೋ ಕಾದಿದ್ದಾರೆ.